ಅನಂತರಾಮು ಮಾರದ ಎರಡು ಸಾವಿರ ಷೇರು

ಇದು ನಿಜವಾಗಿ ನಡೆದದ್ದು. ನಂಬಿಕೆ ಬಾರದವರು ಜಯನಗರದ ಅಲಮೇಲು ಅವರ ಮನೆ ಹುಡುಕಿಕೊಂಡು ಹೋಗಿ ಕೇಳಬಹುದು; ಕಾಫಿ ಸಿಗುತ್ತದೆ, ಇದೇ ಕಥೆ ಇನ್ನೂ ಉದ್ದವಾಗಿ ಸಿಗುತ್ತದೆ.

ಅವರ ಯಜಮಾನರು ಅನಂತರಾಮು ದೂರವಾಣಿ ಇಲಾಖೆಯಲ್ಲಿ ಮೂವತ್ತೈದು ವರ್ಷ ಸವೆಸಿದವರು. ಬನಶಂಕರಿಯಿಂದ ಸುದ್ದಗುಂಟೆಪಾಳ್ಯದವರೆಗೆ ಯಾರು ರಸ್ತೆ ಅಗೆದು ಕೇಬಲ್ಲು ಕಡಿದರೂ ಬೈಸಿಕೊಂಡದ್ದು ಇವರೇ. ಹಾಗಾಗಿ ನಿವೃತ್ತಿಯ ನಂತರ, ಕಂಬ ಬೇಡ, ತಂತಿ ಬೇಡ, ಟವರೂ ಬೇಡ, ನೇರ ಉಪಗ್ರಹದ ಮೂಲಕ ಮಾತಾಡುವ ಫೋನು ಬಂದಿದೆ ಎಂದು ಓದಿದಾಗ ಅವರಿಗೆ ಮೈಯೆಲ್ಲ ಪುಳಕ.

“ಆಕಾಶ ಅಗೆಯೋಕೆ ಯಾವ ಕಂಟ್ರಾಕ್ಟರಿಗೆ ಆಗತ್ತೆ ಹೇಳೇ!” ಎಂದವರೇ ಗಗನಸೇತು ಎಂಬ ಕಂಪನಿಯ ಎರಡು ಸಾವಿರ ಷೇರನ್ನು ತೊಂಬತ್ತು ರೂಪಾಯಿಯಂತೆ ಕೊಂಡರು.

ಷೇರು ಮೂವತ್ತಕ್ಕೆ ಇಳಿಯಿತು. ಮೂರು ವರ್ಷ ತೆವಳಿ ಎಪ್ಪತ್ತೊಂಬತ್ತಕ್ಕೆ ಬಂದು ಕುಳಿತಿತು. ಪಾರ್ಕಿನಲ್ಲಿ ವಾಕಿಂಗ್ ಗೆಳೆಯ ಸೇತುರಾಮ ದಿನವೂ ತಲೆಯೆತ್ತಿ, “ಏನ್ ಸಾರ್, ನಿಮ್ ದುಡ್ಡು ಇಲ್ಲಿಂದ ಕಾಣತ್ತಾ?” ಎನ್ನುತ್ತಿದ್ದ. ಕೊನೆಗೆ ಅಲಮೇಲು ದೇವರ ದೀಪದ ಮುಂದೆ ಗಂಡನಿಂದ ಮಾತು ತೆಗೆದುಕೊಂಡರು: ಸಂಕ್ರಾಂತಿಯ ಎಳ್ಳು ಬೀರಿದ ಮರುದಿನದೊಳಗೆ ಕೊಂಡ ಬೆಲೆ ದಾಟದಿದ್ದರೆ ಅಷ್ಟನ್ನೂ ಮಾರಿ, ಮತ್ತೆ ಷೇರಿನ ಕಡೆ ತಲೆ ಹಾಕಿಯೂ ಮಲಗುವ ಹಾಗಿಲ್ಲ.

ಆ ಮರುದಿನ ಬಂದೇ ಬಿಟ್ಟಿತು. ಹಬ್ಬದ ಹಿಂದಿನ ಸಂಜೆಯೇ ಅನಂತರಾಮು ಬ್ರೋಕರ್ ಆಫೀಸಿಗೆ ಹೋಗಿ, ಆ ದಿನ ಷೇರು ಮಾರಿಬಿಡಲು ಗುರುಬಸಪ್ಪನಿಗೆ ಹೇಳಿಬಂದಿದ್ದರು. ಗದಗಿನ ಕಡೆಯ ಹುಡುಗ, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಾನೆ, ಬಲು ನಿಯತ್ತು. “ಮಾರೂಕಿಂತ ಮೊದಲ ಒಮ್ಮೆ ಫೋನ್ ಹಚ್ಚಿ ಕೇಳ್ತೇನ್ರಿ ಸರ. ರೆಕಾರ್ಡ್ ಆಗಬೇಕ್ರಿ, ರೂಲ್ ಅದ” ಎಂದಿದ್ದ. ಆ ಫೋನು ಬರಬೇಕಾದದ್ದು ಮನೆಯ ಹಜಾರದ ಲ್ಯಾಂಡ್‌ಲೈನಿಗೆ. ಉಪಗ್ರಹದಲ್ಲಿ ದುಡ್ಡಿಟ್ಟ ಮನುಷ್ಯ ಮನೆಯಲ್ಲಿ ನಂಬುತ್ತಿದ್ದದ್ದು ತಂತಿಯ ಫೋನನ್ನು ಮಾತ್ರ. ಯಾರ ನಂಬರ್ರು ಎಂದು ಅದು ತೋರಿಸುತ್ತಿರಲಿಲ್ಲ.

ಒಂಬತ್ತೂವರೆಗೆ ಫೋನು ಹೊಡೆದುಕೊಂಡಿತು.

“ನಮಸ್ಕಾರ್ರಿ ಸರ, ಗುರುಬಸಪ್ಪ ಮಾತಾಡಾಕತ್ತೇನ್ರಿ. ಹೊಸಾ ರೂಲ್ ಬಂದೈತ್ರಿ. ಪೂರ್ವಕ್ಕ ಮುಖ ಮಾಡಿ ನಿಂತು ಕಂಪನಿ ಹೆಸರು ಮೂರು ಸಲ ಜೋರಾಗಿ ಹೇಳ್ರಿ.”

ಸರ್ಕಾರಿ ನೌಕರಿ ಮಾಡಿದವರಿಗೆ ಯಾವ ರೂಲೂ ವಿಚಿತ್ರ ಅನ್ನಿಸುವುದಿಲ್ಲ. ಅನಂತರಾಮು ಪಂಚೆ ಸರಿಮಾಡಿಕೊಂಡು, ಕಿಟಕಿಯ ಕಡೆ ತಿರುಗಿ, “ಗಗನಸೇತು! ಗಗನಸೇತು! ಗಗನಸೇತು!” ಎಂದು ಕೂಗಿದರು. ಅಲಮೇಲು ಸೌಟು ಹಿಡಿದೇ ಓಡಿಬಂದರು. ಆ ಕಡೆಯಿಂದ ತಡೆಯಲಾರದ ನಗು. ಅಲಮೇಲುವಿನ ಅಕ್ಕನ ಮಗ ಮಯೂರ್! ಕಾಲೇಜಿನಲ್ಲಿ ಓದುವುದಕ್ಕಿಂತ ಲೆಕ್ಚರರ್‌ಗಳ ದನಿ ಅಣಕಿಸುವುದರಲ್ಲೇ ಹೆಸರು ಮಾಡಿದವನು. ಒಮ್ಮೆ ಚಿಕ್ಕಪ್ಪನ ಜೊತೆ ಆಫೀಸಿಗೆ ಹೋಗಿದ್ದಾಗ ಗುರುಬಸಪ್ಪನನ್ನು ಅರ್ಧ ಗಂಟೆ ಕೇಳಿಸಿಕೊಂಡಿದ್ದ, ಅಷ್ಟು ಸಾಕಾಗಿತ್ತು.

“ಚಿಕ್ಕಪ್ಪ, ಸಖತ್ತಾಗಿ ಕೂಗಿದ್ರಿ!”

“ಕತ್ತೆ! ಮನೆಗೆ ಬಾ, ನಿನಗಿದೆ” ಎಂದು ಫೋನು ಕುಕ್ಕಿದರು. ಮೂರು ವರ್ಷ ಸಾಕಿದ್ದನ್ನು ಕೈಬಿಡುವ ದಿನ, ಇವನದೊಂದು ಹುಡುಗಾಟ.

ಇಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ದನಿ. “ನಮಸ್ಕಾರ್ರಿ ಸರ, ಗುರುಬಸಪ್ಪ ಮಾತಾಡಾಕತ್ತೇನ್ರಿ. ಗಗನಸೇತು ಎರಡು ಸಾವಿರ ಷೇರು ಮಾರೂಣೇನ್ರಿ?”

ಅನಂತರಾಮುಗೆ ಪಿತ್ತ ನೆತ್ತಿಗೇರಿತು. “ಬೇಡ ಕಣೋ! ಒಂದೇ ಒಂದು ಷೇರೂ ಮಾರಕೂಡದು! ಚಂದ್ರನಲ್ಲಿ ಲೈನ್‌ಮ್ಯಾನ್ ಪೋಸ್ಟ್ ಕರೆಯೋವರೆಗೂ ಇಟ್ಕೊಂಡಿರ್ತೀನಿ! ಇಡೋ ಫೋನು, ಕೋತಿ!” ರಿಸೀವರನ್ನು ಪಕ್ಕಕ್ಕೆ ಎತ್ತಿಟ್ಟು, ಅದರ ಮೇಲೊಂದು ದಿಂಬನ್ನೂ ಹಾಕಿದರು.

ಮಧ್ಯಾಹ್ನ ಊಟಕ್ಕೆ ಮಯೂರ್ ಬಂದ. ಅನಂತರಾಮು ಕೈಯೆತ್ತಿ, “ಒಂದ್ ಸಲ ಆಯ್ತು, ಎರಡನೇ ಸಲಾನೂ ಮಾಡ್ತೀಯೇನೋ?” ಎಂದರು.

“ದೇವ್ರಾಣೆ ಚಿಕ್ಕಪ್ಪ, ನಾನು ಮಾಡಿದ್ದು ಒಂದೇ ಸಲ.”

ಅನ್ನ ಕಲಸುತ್ತಿದ್ದ ಕೈ ನಿಂತಿತು. ದೀಪದ ಮುಂದೆ ಕೊಟ್ಟ ಮಾತು! ಅಲಮೇಲು ಚಪ್ಪಲಿ ಮೆಟ್ಟಿಕೊಂಡರು. ಮೂವರೂ ಒಂದೇ ಆಟೋದಲ್ಲಿ ಒತ್ತಿಕೊಂಡು ಹೋದರು.

ಆಫೀಸಿನ ಬಾಗಿಲು ತೆಗೆದದ್ದೇ ತಡ, ಎಲ್ಲರೂ ಎದ್ದು ನಿಂತರು. ಗುರುಬಸಪ್ಪ ಎರಡೂ ಕೈ ಜೋಡಿಸಿದ. “ಸರ, ಹತ್ತೂವರಿಗೆ ಸುದ್ದಿ ಬಂತ್ರಿ. ಸಮುದ್ರದ ದೋಣಿಗಳಿಗೆಲ್ಲ ಇನ್ನ ಗಗನಸೇತು ಫೋನ ಅಂತ. ತೊಂಬತ್ತನಾಲ್ಕಕ್ಕ ಏರಿ ನಿಂತದ, ಕೊಡವರೇ ಇಲ್ರಿ! ನೀವು ಬ್ಯಾಡಂದ್ರಿ, ಅದಕ್ಕ ಮಾರ್ಲಿಲ್ರಿ. ಅಷ್ಟು ಗಟ್ಟಿ ಗುಂಡಿಗಿ ನಾ ಎಲ್ಲೂ ನೋಡಿಲ್ಲ.”

ಅನಂತರಾಮು ಹೆಂಡತಿಯ ಮುಖ ನೋಡಿದರು. ಅಲಮೇಲು ಬೋರ್ಡಿನ ಮೇಲಿನ ಅಂಕಿಯನ್ನು ಎರಡು ಸಲ ಓದಿ, “ಕೊಂಡ ಬೆಲೆ ದಾಟಿದೆಯಲ್ಲ. ಮಾತು ಮಾತೇ. ಇಟ್ಕೊಳ್ಳಿ” ಎಂದರು. ತಕ್ಷಣವೇ, “ಸೇತುರಾಮರಿಗೆ ನಾನೇ ಹೇಳ್ತೀನಿ” ಎಂದೂ ಸೇರಿಸಿದರು.

“ಸರ, ನಿಮ್ಮ ಮಾತು ಆಫೀಸಿನ್ಯಾಗ ಎಲ್ಲಾರಿಗೂ ಕೇಳ್ಸೇನ್ರಿ” ಎಂದು ಗುರುಬಸಪ್ಪ ಬೆಳಗಿನ ರೆಕಾರ್ಡಿಂಗನ್ನು ಸ್ಪೀಕರಿಗೆ ಹಾಕಿದ. ಚಂದ್ರ, ಲೈನ್‌ಮ್ಯಾನ್, ಕೋತಿ, ಎಲ್ಲವೂ ಗೋಡೆಗೆ ಬಡಿದು ಮೊಳಗಿದವು. ಕೋತಿ ಎನ್ನಿಸಿಕೊಂಡ ಗುರುಬಸಪ್ಪನೇ ಹೊಟ್ಟೆ ಹಿಡಿದುಕೊಂಡು ನಕ್ಕ. ಮಯೂರ್ ಮಾತ್ರ, ಈಗ ನಗಬಹುದೋ ಬಾರದೋ ತಿಳಿಯದೆ, ಚಿಕ್ಕಮ್ಮನ ಹಿಂದೆ ಸರಿದ.

ಅನಂತರಾಮು ಗಂಟಲು ಸರಿಮಾಡಿಕೊಂಡರು. “ಇನ್ನೊಮ್ಮೆ ಹಚ್ರಿ ಗುರುಬಸಪ್ಪನವರ, ನಾ ಪೂರ್ವಕ್ಕ ಮುಖ ಮಾಡಿ ಕೇಳ್ತೇನ್ರಿ!” ಎಂದು ಥೇಟು ಮಯೂರನ ಹಾಗೆಯೇ ಗದಗಿನ ರಾಗ ಎಳೆದು, ಕಿಟಕಿಯ ಕಡೆ ತಿರುಗಿ ನಿಂತು ನಕ್ಕರು. ಹೊರಗೆ ಮೀಟರ್ ಓಡಿಸಿಕೊಂಡು ಕಾಯುತ್ತಿದ್ದ ಆಟೋದವನು, ಒಳಗೆ ಏನಾಯಿತೋ ಎಂದು ಇಳಿದು ಬಂದ.