ಮೊರದ ಬಾಯಿ

ಚಂಡಮಾರುತಕ್ಕೆ ದಾರಿ ತೋರಿಸುವುದರಲ್ಲಿ ನ್ಯಾಮತಿಯ ಹೆಂಗಸರು ಹವಾಮಾನದವರಿಗಿಂತ ಒಂದು ಹೆಜ್ಜೆ ಮುಂದಿದ್ದರು. ಕಸ್ತೂರಮ್ಮನ ಮನೆಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಲೇ, ಅರಬ್ಬಿ ಸಮುದ್ರದಲ್ಲೆದ್ದ ಗಾಳಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದರು. "ಜಗಳೂರಿಗೆ ಹೋಗ್ಲಿ ಬಿಡ್ರೇ, ಅಲ್ಲಿಯೋರಿಗೆ ಎಷ್ಟು ಮಳೆ ಬಂದ್ರೂ ಬೇಕು" ಎಂದಳು ಒಬ್ಬಳು. "ಹೊನ್ನಾಳಿ ಕಡೆ ಮಾತ್ರ ಬ್ಯಾಡ, ನಮ್ಮ ತವರಾಗೆ ಭತ್ತ ಕೊಯ್ಲಿಗೆ ಬಂದೈತೆ" ಎಂದಳು ಇನ್ನೊಬ್ಬಳು.

ಕಸ್ತೂರಮ್ಮನದು ಖೇಣಿ ವ್ಯಾಪಾರ. ತೋಟದವರಿಂದ ಫಸಲು ಹಿಡಿದು, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ಮನೆ. ಬೇಯಿಸಿದ ಅಡಿಕೆ ಅಂಗಳದ ತುಂಬ ಹರಡಿತ್ತು. ಅದರ ಮೇಲೆ ಮಳೆ ಬಿದ್ದರೆ ಬೂಷ್ಟು ಹಿಡಿದು ಇಡೀ ವರ್ಷದ ದುಡಿಮೆ ಮಣ್ಣುಪಾಲು. ಅದಕ್ಕೇ ಅವಳ ಮಗ ಕಲ್ಲೇಶ್ ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಗಾಳಿಯ ಜಾಡು ನೋಡುತ್ತಿದ್ದ.

ಸುಲಿಯಲು ಬರುತ್ತಿದ್ದ ಅಂಬಿಕಾಗೆ ಅಡಿಕೆಯ ಚಿಂತೆಯಿರಲಿಲ್ಲ. ಅವಳ ಗಂಡ ಮೈಲಾರಿ ಮಲ್ಪೆಯಲ್ಲಿ ಮೀನಿನ ಬೋಟಿಗೆ ಸೇರಿದ್ದ. ಕೇರಿಯ ಗಂಡಸರೆಲ್ಲ ದುಡಿಯಲು ಕಾಫಿ ತೋಟಕ್ಕೆ ಹೋದರೆ ಇವನು ಸಮುದ್ರಕ್ಕೆ ಹೋದ. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಈಜು ಕಲಿತದ್ದಾದರೂ ಎಲ್ಲಿ, ಚನ್ನಗಿರಿಯ ಸೂಳೆಕೆರೆಯ ಅಂಚಿನಲ್ಲಿ, ಎದೆಮಟ್ಟದ ನೀರಿನಲ್ಲಿ. "ಬೋಟ್ ಹೊಂಟೈತೆ, ಇನ್ನು ಸಿಗ್ನಲ್ ಸಿಗಾಕಿಲ್ಲ" ಎಂದು ಹೋದ ವಾರ ಫೋನ್ ಇಟ್ಟವನು ಮತ್ತೆ ಮಾತಾಡಿರಲಿಲ್ಲ.

ಅಂಬಿಕಾ ಸಮುದ್ರ ನೋಡಿದವಳಲ್ಲ. ಅವಳು ಕಂಡ ದೊಡ್ಡ ನೀರೆಂದರೆ ಅದೇ ಸೂಳೆಕೆರೆ. ಅಲ್ಲಿ ತೆಪ್ಪದವರು ಬೆಳಿಗ್ಗೆ ಹೋಗಿ ಸಂಜೆಗೆ ಅದೇ ದಡಕ್ಕೆ ಬರುತ್ತಾರೆ. ಮಲ್ಪೆಯ ಬೋಟೂ ಮಲ್ಪೆಯ ಎದುರಿಗೇ ಇರುತ್ತದೆ ಎಂಬುದರಲ್ಲಿ ಅವಳಿಗೆ ಅನುಮಾನವೇ ಬಂದಿರಲಿಲ್ಲ.

ಕಲ್ಲೇಶ್ ಎಲ್ಲರಿಗೂ ನಕ್ಷೆ ತೋರಿಸಿದ. "ಗಾಳಿ ಈಗ ಇಲ್ಲೈತೆ. ಮುಂದಕ್ಕೆ ಮೊರದಂಗೆ ಅಗಲ ಆಗ್ಯೈತಲ್ಲ, ಇದರೊಳಗೆ ಎಲ್ಲಿಗೆ ಬೇಕಾದ್ರೂ ಹೋಗಬೋದು." ಮೊರದ ಬಾಯಿಯ ಒಂದು ಅಂಚು ಮಲ್ಪೆಯ ಮೇಲಿತ್ತು, ಇನ್ನೊಂದು ಅಂಚು ಬಡಗಲಿಗೆ, ಮಹಾರಾಷ್ಟ್ರದ ಕಡೆ.

ಅಂದಿನಿಂದ ಸಾವ್ಕಾರ್ತಿಯದೂ ಆಳಿನದೂ ಒಂದೇ ಹರಕೆಯಾಯಿತು. ಅದೇನು ದಿನಾ ಆಗುವ ಮಾತಲ್ಲ. ಊರಮ್ಮ ತಾಯಿ, ಗಾಳೀನ ಬಡಗಲಿಗೆ ತಿರುಗಿಸು ಎಂದು ಇಬ್ಬರೂ ಕೈಮುಗಿದರು. ಮೂಲೆಯಲ್ಲಿ ಸುಲಿಯುತ್ತಿದ್ದ ಅಂಬಿಕಾಳ ಅತ್ತೆ ಅಂತರಘಟ್ಟಮ್ಮ ತಲೆಯೆತ್ತಿದಳು. "ಅಲ್ರೇ, ಆ ಕಡೆಗೂ ಜನ ಇರ್ತಾರಲ್ಲ? ಅವರ ಮ್ಯಾಲೆ ಬೀಳ್ಲಿ ಅಂತೀರೇನು?"

ಮುದುಕಿಗೆ ಯಾಕೆ ಊರ ಉಸಾಬರಿ ಎಂದು ಎಲ್ಲರೂ ನಕ್ಕರು. ಅಂಬಿಕಾ ನಗಲಿಲ್ಲ. ಬೀಳಲಿ, ಯಾರ ಮೇಲಾದರೂ ಬೀಳಲಿ, ಅವನೊಬ್ಬ ಉಳಿದರೆ ಸಾಕು ಎಂದುಕೊಂಡಳು.

ಮಾರನೆಯ ದಿನ ಕಲ್ಲೇಶ್ ಓಡಿಬಂದು, ಗಾಳಿ ಬಡಗಲಿಗೆ ತಿರುಗಿತು ಎಂದ. ಕಸ್ತೂರಮ್ಮ ಕಾಯಿ ಒಡೆದು ಎಲ್ಲರಿಗೂ ಕೊಬ್ಬರಿ ಬೆಲ್ಲ ಹಂಚಿದಳು. ಬೆಲ್ಲ ಬಾಯಲ್ಲಿರುವಾಗಲೇ ಅಂಬಿಕಾ, ಮೈಲಾರಿ ಕೊಟ್ಟುಹೋಗಿದ್ದ ಬೋಟಿನ ಮಾಲೀಕರ ನಂಬರಿಗೆ ಫೋನ್ ಮಾಡಿದಳು. ಅತ್ತಲಿಂದ ಯಾರೋ ಸುಸ್ತಾದ ದನಿಯಲ್ಲಿ ಹೇಳಿದರು: "ಬೋಟ್ ಇಲ್ಲಿಲ್ಲಮ್ಮ. ಮೀನು ಹುಡುಕಿಕೊಂಡು ರತ್ನಗಿರಿ ಕಡೆ ಹೋಗಿದೆ. ವೈರ್‌ಲೆಸ್‌ನಲ್ಲಿ ಕರೀತಾನೇ ಇದ್ದೇವೆ, ಉತ್ತರ ಇಲ್ಲ."

"ಕಲ್ಲೇಶಣ್ಣ, ರತ್ನಗಿರಿ ಎಲ್ಲಿ ಬರ್ತೈತೆ?"

ಕಲ್ಲೇಶನ ಬೆರಳು ನಕ್ಷೆಯ ಮೇಲೆ ಮೇಲಕ್ಕೆ ಸರಿದು ನಿಂತಿತು. ಮೊರದ ಬಾಯಿ ಈಗ ಅಲ್ಲಿಗೇ ತೆರೆದಿತ್ತು. ಅವನು ಮೊಬೈಲನ್ನು ಆ ಕಡೆ ತಿರುಗಿಸಿದ, ಆದರೆ ಅವಳು ನೋಡಿಯಾಗಿತ್ತು.

ತಾನೇ ಹರಕೆ ಹೊತ್ತು, ಕೈಮುಗಿದು, ಗಾಳಿಯನ್ನು ಗಂಡನ ತಲೆಯ ಮೇಲೆ ಕಳಿಸಿದೆ ಎಂದು ಅಂಬಿಕಾಗೆ ಅನ್ನಿಸಿತು. ಗಾಳಿ ಯಾರ ಹರಕೆಗೂ ಕಾಯುವುದಿಲ್ಲ ಎಂದು ನಾವು ನೀವು ಜಗಲಿಯ ಮೇಲೆ ಕೂತು ಹೇಳಬಹುದು. ಆ ಹೊತ್ತಿನಲ್ಲಿ ಅವಳಿಗೆ ಹೇಳುವ ಧೈರ್ಯ ಯಾರಿಗಿತ್ತು? ಅತ್ತೆಯ ಕಿವಿಯಲ್ಲಿ ವಿಷಯ ಉಸುರಿದಾಗ ಮುದುಕಿ ಅಳಲಿಲ್ಲ. "ನಾನು ಅಂದಿದ್ನಲ್ಲೇ" ಎಂದಷ್ಟೇ ಹೇಳಿ ಕಂಬಕ್ಕೆ ಒರಗಿದಳು.

ಅಂಬಿಕಾ ಮತ್ತೆ ಮೆಟ್ಟುಗತ್ತಿಯ ಮುಂದೆ ಕೂತಳು. ತಪ್ಪಾಯಿತು ತಾಯಿ, ಗಾಳೀನ ಈ ಕಡೆಗೇ ಕರೆದುಕೋ. ಬೇಕಾದರೆ ನನ್ನ ಶೀಟಿನ ಮನೆ ಹಾರಿಸಿಕೊಂಡು ಹೋಗು. ಕಣ್ಣೆದುರಿಗೇ ಕಸ್ತೂರಮ್ಮನ ಅಡಿಕೆ ಬಿಸಿಲಿಗೆ ಕೆಂಪಗೆ ಒಣಗುತ್ತಿತ್ತು. ಅವಳ ಅನ್ನ ಉಂಡು ಅವಳ ಅಂಗಳಕ್ಕೇ ಮಳೆ ಕರೆಯುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು, ಆದರೂ ಕರೆಯುವುದನ್ನು ಬಿಡಲಿಲ್ಲ. ಕತ್ತಿ ಬೆರಳಿಗೆ ತಾಗಿ ರಕ್ತ ಬಂದದ್ದನ್ನು ಪಕ್ಕದವಳು ನೋಡಿ ಬಟ್ಟೆ ಸುತ್ತಿದಳು.

ಮರುದಿನ ಮಧ್ಯಾಹ್ನ ಕಲ್ಲೇಶ್ ಹಣೆ ಚಚ್ಚಿಕೊಂಡ. ಬಡಗಲಿಗೆ ಹೊರಟಿದ್ದ ಗಾಳಿ ನಡುನೀರಿನಲ್ಲಿ ನಿಂತು, ಮತ್ತೆ ನಮ್ಮ ಕರಾವಳಿಯತ್ತ ವಾಲುತ್ತಿತ್ತು. ಅವನು ಹೇಳಿ ಮುಗಿಸುವ ಮೊದಲೇ ಪಡುವಣ ಕಪ್ಪಾಯಿತು. ದಪ್ಪ ಹನಿಗಳು ಅಡಿಕೆಯ ಮೇಲೆ ಬಿದ್ದವು. ಎಲ್ಲರೂ ಎದ್ದು ಓಡಿದರು. ಅಂಬಿಕಾಳೂ ಓಡಿದಳು, ಬುಟ್ಟಿ ತುಂಬಿದಳು, ಟಾರ್ಪಾಲು ಎಳೆದಳು. ಒಂದೊಂದು ಹನಿ ಮುಖಕ್ಕೆ ಬಡಿದಾಗಲೂ ಇನ್ನೂ ಬಾ, ಇನ್ನೂ ಬಾ ಎನ್ನುತ್ತಿತ್ತು ಅವಳ ಜೀವ.

"ಯಾವ ಪಾಪಿ ಕರೆದ್ಲೇ ಈ ಮಳೇನ" ಎಂದು ಕಸ್ತೂರಮ್ಮ ಅಳುತ್ತಲೇ ಬೈದಳು.

ಟಾರ್ಪಾಲಿನ ಇನ್ನೊಂದು ತುದಿ ಹಿಡಿದಿದ್ದ ಅಂಬಿಕಾ ಬಾಯಿಬಿಟ್ಟಳು. "ನಾನೇ ಕರೆದೆ ಅಮ್ಮಾರೆ. ನಮ್ಮನೆಯೋರು ಬಡಗಲ ಕಡೆ ಅದಾರೆ. ಬೋಟಿನ ಸುದ್ದಿ ಇಲ್ಲ."

ಕಸ್ತೂರಮ್ಮನ ಕೈಯಿಂದ ಟಾರ್ಪಾಲು ಜಾರಿತು. ಅವಳು ದಾಪುಗಾಲು ಹಾಕಿ ಹತ್ತಿರ ಬಂದಾಗ ಹೊಡೆಯುತ್ತಾಳೆಂದು ಅಂಬಿಕಾ ಕಣ್ಣು ಮುಚ್ಚಿದಳು. ಕಸ್ತೂರಮ್ಮ ಅವಳ ಸೊಂಟಕ್ಕೆ ಸಿಕ್ಕಿಸಿದ್ದ ಫೋನ್ ಕಿತ್ತುಕೊಂಡು, ಒದ್ದೆ ಸೆರಗಿನ ಒಳಮಗ್ಗುಲಲ್ಲಿ ಒರೆಸಿ, ಮತ್ತೆ ಅವಳ ಕೈಗೇ ತುರುಕಿದಳು. "ಇದು ನೆಂದು ಕೆಟ್ರೆ ಅವನು ಯಾರಿಗೆ ಮಾಡ್ಬೇಕೇ? ಒಳಗೆ ಹೋಗಿ ಕೂತ್ಕೋ."

ಅಂಬಿಕಾ ಬಾಗಿಲಲ್ಲಿ ಅತ್ತೆಯ ಪಕ್ಕ ಕೂತಳು. ಅಂಗಳದಲ್ಲಿ ನೀರು ನಿಂತು ಅಡಿಕೆ ತೇಲತೊಡಗಿತ್ತು. ಕಸ್ತೂರಮ್ಮ ಬಗ್ಗಿ ಬಗ್ಗಿ ಬಾಚುತ್ತ, ನಡುನಡುವೆ ತಲೆಯೆತ್ತಿ ಕೂಗುತ್ತಿದ್ದಳು.

"ಬಂತೇನೇ ಫೋನು?"

"ಇನ್ನೂ ಇಲ್ಲ ಅಮ್ಮಾರೆ."