ಇದ್ದಿನಬ್ಬರ ಅಂಗಡಿಯ ಹುಣಸೆ ಕೊರಡು

ನಾನು ಮಾಂಸ ಕಡಿಯುವ ಒಂದು ಕೊರಡು. ಬಂಟ್ವಾಳದ ಗುಡ್ಡದ ಬದಿಯಲ್ಲಿ ಹುಣಸೆ ಮರವಾಗಿದ್ದೆ. ಗಾಳಿಗೆ ಉರುಳಿದ ಮೇಲೆ ಬಡಗಿಯೊಬ್ಬ ನನ್ನ ಬುಡವನ್ನು ಮೊಣಕಾಲೆತ್ತರಕ್ಕೆ ಕೊಯ್ದು ಮಾಂಸದ ಅಂಗಡಿಯ ಹಿರಿಯರೊಬ್ಬರಿಗೆ ಕೊಟ್ಟ. ಕತ್ತಿಯ ಪೆಟ್ಟಿಗೆ ಬೇರೆ ಮರ ಹುಡಿಯಾಗುತ್ತದೆ, ಹುಣಸೆ ತಡೆಯುತ್ತದೆ. ಆ ಹಿರಿಯರ ತರುವಾಯ ನಾನು ಅವರ ಮಗ ಇದ್ದಿನಬ್ಬರ ಪಾಲಿಗೆ ಬಂದೆ.

ಕೆಳಗಿನಿಂದ ನೋಡುವವರಿಗೆ ಮನುಷ್ಯರ ಗದ್ದವೂ ಗುಣವೂ ಚೆನ್ನಾಗಿ ಕಾಣುತ್ತವೆ. ಕೊಂಡ ಕೋಣವನ್ನು ಇದ್ದಿನಬ್ಬರು ಕೂಡಲೇ ಕಸಾಯಿಖಾನೆಗೆ ಅಟ್ಟುತ್ತಿರಲಿಲ್ಲ. ಹಿತ್ತಲಲ್ಲಿ ಕಟ್ಟಿ, ಹಸಿಹುಲ್ಲು, ತವುಡು, ನೆಲಗಡಲೆ ಹಿಂಡಿ ಹಾಕಿ, ಮೈ ತೊಳೆದು, ತಿಂಗಳುಗಟ್ಟಲೆ ಸಾಕುತ್ತಿದ್ದರು. ಅಂಥ ಮಾಂಸದ ಎಳೆಗಳ ನಡುವೆ ಬಿಳಿಯ ಕೊಬ್ಬು ನವಿರಾಗಿ ಹರಡಿರುತ್ತಿತ್ತು. ಕತ್ತಿ ನನ್ನ ಮೇಲೆ ಹಗುರಾಗಿ ಇಳಿಯುತ್ತಿತ್ತು. ಹಸಿದು ಬಳಲಿ, ಲಾರಿಯಲ್ಲಿ ಹೆದರಿ ನಡುಗಿ ಬಂದ ಪ್ರಾಣಿಯ ಮಾಂಸವೋ ಕಪ್ಪಾಗಿ ಅಂಟಂಟಾಗಿರುತ್ತದೆ. ಅದಕ್ಕೆ ಬಣ್ಣದ ಪುಡಿ ಬಳಿದು ಮಾರುವವರೂ ಪೇಟೆಯಲ್ಲಿದ್ದರು. ಬದುಕಿರುವಾಗ ಮೂಕಪ್ರಾಣಿಗೆ ಹಿಡಿ ಹುಲ್ಲು ಹಾಕದವರು ಸತ್ತ ಮೇಲೆ ಅದಕ್ಕೆ ಬಣ್ಣ ಬಳಿಯುವುದು ಎಂಥ ನಾಚಿಕೆಗೇಡು!

“ಕಪ್ಪು ಮಾಂಸ ತಗೊಳ್ಬೇಡಿ, ಅದು ಸಂಕಟಪಟ್ಟ ಪ್ರಾಣಿ,” ಎಂದು ಇದ್ದಿನಬ್ಬರು ಗಿರಾಕಿಗಳಿಗೆಲ್ಲ ಪಾಠ ಹೇಳುತ್ತಿದ್ದರು.

ಮೊದಲು ಮಾಂಸವನ್ನು ಸಾಗುವಾನಿ ಎಲೆಯಲ್ಲಿ ಕಟ್ಟುತ್ತಿದ್ದರು. ಮಗಳು ರುಖಿಯಾ ಅಂಗಡಿಗೆ ಬಂದ ಮೇಲೆ, ಗಾಳಿಯೆಲ್ಲ ಹೀರಿ ಪ್ಲಾಸ್ಟಿಕ್ ಚೀಲ ಮುಚ್ಚುವ ಯಂತ್ರವನ್ನು ತಂದಳು. ಆ ಚೀಲಗಳನ್ನು ಮೊದಲು ಕೊಂಡವರು ಹಳೆಯ ಗಿರಾಕಿ ಸೆವ್ರಿನ್ ಬಾಯಿ, ಮಗಳ ಮದುವೆಯ ಊಟಕ್ಕೆ.

ಮದುವೆಯ ದಿನ ಬೆಳಿಗ್ಗೆ ಆಕೆ ಚೀಲಗಳನ್ನೆಲ್ಲ ರಿಕ್ಷಾದಲ್ಲಿ ಹೇರಿಕೊಂಡು ಮರಳಿ ಬಂದರು. ಒಂದನ್ನು ಕತ್ತರಿಸಿ ನನ್ನ ಮೇಲೆ ಸುರಿದರು.

“ಇದೆಂತ ಸಾಹೇಬ್ರೇ, ಮಾಂಸವಾ ಇದ್ದಿಲಾ? ಕಪ್ಪು ತಗೊಳ್ಬೇಡಿ ಅಂತ ಹೇಳಿದ್ದು ನೀವೇ ಅಲ್ವಾ? ರಾತ್ರಿ ಬೀಗರ ಎದುರು ನನ್ನ ಮರ್ಯಾದೆ ತೆಗಿಲಿಕ್ಕಾ?”

ಇದ್ದಿನಬ್ಬರ ಮುಖ ಬಿಳಿಚಿತು. ತಾವೇ ಕೈಯಾರೆ ಮೇಯಿಸಿದ ಕೋಣ! “ಎಲ್ಲ ಹೂಳುವ,” ಎಂದರು ಮಗಳಿಗೆ. “ನನಗೆ ಅರ್ಥ ಆಗದ್ದನ್ನು ನಾನು ಮಾರುವುದಿಲ್ಲ.”

“ಸ್ವಲ್ಪ ನಿಲ್ಲಿ ಬಾಪ. ಚೀಲದೊಳಗೆ ಗಾಳಿ ಇಲ್ಲ, ಅದಕ್ಕೆ ಹಾಗೆ ಕಾಣುವುದು,” ಎಂದಳು ರುಖಿಯಾ.

“ಗಾಳಿ ಇಲ್ಲದೆ ಅದಕ್ಕೆ ಉಸಿರು ಕಟ್ಟಿತಾ? ಸತ್ತದ್ದಕ್ಕೆ ಇನ್ನೊಮ್ಮೆ ಸಾವಾ?” ಎಂದರು ಸೆವ್ರಿನ್ ಬಾಯಿ.

ಮಾತಿಗೆ ಮಾತು ಬೆಳೆಯಿತು. ಯಾರೂ ನನ್ನತ್ತ ನೋಡುತ್ತಿರಲಿಲ್ಲ. ನನಗೆ ನಾಲಗೆಯಿದ್ದಿದ್ದರೆ ಕೂಗಿಬಿಡುತ್ತಿದ್ದೆ. ಏಕೆಂದರೆ ನನ್ನ ಎದೆಯ ಮೇಲೆ ಆ ಮಾಂಸ ಮೆಲ್ಲಮೆಲ್ಲನೆ ಕೆಂಪೇರುತ್ತಿತ್ತು.

ಮೊದಲು ಕಂಡದ್ದು ಸೆವ್ರಿನ್ ಬಾಯಿಗೇ. ಬೈಗುಳ ಅರ್ಧಕ್ಕೆ ನಿಂತಿತು. ಬೆರಳಿನಿಂದ ಒತ್ತಿದರು, ಮೂಸಿದರು. “ಯೇಸುವೇ! ದಾಸವಾಳದ ಹಾಗೆ ಆಯ್ತಲ್ಲ!”

“ನನ್ನ ಪಾಠ ಅರ್ಧವೇ ಇತ್ತು ಬಾಯಮ್ಮ,” ಎಂದರು ಇದ್ದಿನಬ್ಬರು, ಮಗಳ ಮುಖ ನೋಡುತ್ತ. “ಎಲ್ಲ ಚೀಲ ನಿಮ್ಮ ಎದುರೇ ಬಿಚ್ಚುತ್ತೇನೆ. ಗಾಳಿ ತಾಗಿದ ಮೇಲೂ ಒಂದು ತುಂಡು ಕಪ್ಪಾಗಿ ಉಳಿದರೆ ಕೊಂಡುಹೋಗಬೇಡಿ.”

ಒಂದೂ ಕಪ್ಪಾಗಿ ಉಳಿಯಲಿಲ್ಲ.

ಈಗ ನನ್ನ ನಡು ಬಿರಿದಿದೆ. ಮಾಂಸ ಕಡಿಯಲು ಅಂಗಡಿಗೆ ಬಿಳಿಯ ಪ್ಲಾಸ್ಟಿಕ್ ಹಲಗೆ ಬಂದಿದೆ, ನಾನು ಹಿತ್ತಲಲ್ಲಿದ್ದೇನೆ. ಸಂಜೆ ಇದ್ದಿನಬ್ಬರು ನನ್ನ ಮೇಲೆ ಕುಳಿತು ಹಿಂಡಿ ಕಲಸುತ್ತಾರೆ. ಅವರು ಎದ್ದುಹೋದ ಮೇಲೆ, ಅಲ್ಲಿ ಕಟ್ಟಿದ ಕೋಣ ಹತ್ತಿರ ಬಂದು, ವರ್ಷಗಟ್ಟಲೆ ಉಜ್ಜಿ ತೊಳೆದು ನನ್ನ ಮೈಗೆ ಹಿಡಿದ ಉಪ್ಪನ್ನು ನೆಕ್ಕುತ್ತದೆ. ನಾನು ಯಾರೆಂದು ಅದಕ್ಕೆ ಗೊತ್ತಿಲ್ಲ. ನನಗೆ ಗೊತ್ತಿದೆ. ಆದ್ದರಿಂದಲೇ, ಅದು ಹೊಟ್ಟೆ ತುಂಬ ತಿಂದಿತೇ ಎಂದು ದಿನವೂ ನೋಡುತ್ತೇನೆ.