ಗೌಸ್ ಪೀರನ ಮಿಲ್ಟ್ರಿ ಗಾಡಿ

"ಇನ್ನೊಮ್ಮೆ ಹೊಡೀರಿ ಸಾಬ್ರ," ಎಂದ ಷೆಡ್ಡಿನ ಆಳು ಗಂಗಪ್ಪ, ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ.

ಗೌಸ್ ಪೀರ್ ಸ್ಟಾರ್ಟರ್ ಒತ್ತಿದ. ಇಂಜಿನು ನಾಲ್ಕೈದು ಸುತ್ತು ನರಳಿ, ಒಮ್ಮೆ ಕೆಮ್ಮಿದಂತೆ ಮಾಡಿ ಸುಮ್ಮನಾಯಿತು. ಷೆಡ್ಡಿನ ಮುಂದೆ ಬೈಕಿನವನೊಬ್ಬ ಕಾಲು ನೆಲಕ್ಕೆ ಊರಿ, ಬೈಕನ್ನು ಆರಿಸದೆ ಕಾಯುತ್ತಿದ್ದ. ಹೊಸಹಳ್ಳಿ ಕಡೆಯ ಹೆದ್ದಾರಿಯಲ್ಲಿ ಅದಿರಿನ ಲಾರಿಯೊಂದು ಸೇತುವೆಯ ಗೋಡೆಗೆ ಗುದ್ದಿದೆ, ಡ್ರೈವರನ ಕಾಲು ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡಿದೆ ಎಂದು ಹೇಳಲು ಅವನು ಬಂದು ಆಗಲೇ ಐದು ನಿಮಿಷವಾಗಿತ್ತು.

"ಜೀವ ಐತ್ರಿ. ಮಾತಾಡಾಕತ್ತಾನ," ಎಂದ ಬೈಕಿನವನು. "ಲಗೂನ ಹೊಂಡ್ರಿ. ಇಪ್ಪತ್ತು ಮಂದಿ ಜಗ್ಗಿದ್ರೂ ಆಗವಲ್ದು."

"ಬರ್ತೈತಿ, ಬರ್ತೈತಿ," ಎನ್ನುತ್ತ ಗೌಸ್ ಪೀರ್ ಮತ್ತೆ ಒತ್ತಿದ.

ಕೂಡ್ಲಿಗಿಯಲ್ಲಿ ಅದಕ್ಕೆ ಮಿಲ್ಟ್ರಿ ಗಾಡಿ ಎಂದೇ ಹೆಸರು. ಹದಿನೆಂಟು ವರ್ಷದ ಹಿಂದೆ, ಎರಡನೆಯ ಮಗಳು ಹುಟ್ಟಿದ ವರ್ಷ, ಗೌಸ್ ಪೀರ್ ಸೈನ್ಯದವರ ಹರಾಜಿನಲ್ಲಿ ಆ ಟ್ರಕ್ಕನ್ನು ಹಿಡಿದಿದ್ದ. ಹಿಂದಿನ ಡಬ್ಬಿ ಕಿತ್ತುಹಾಕಿ, ಹಳೆಯ ಕಬ್ಬಿಣದ ತೊಲೆಗಳನ್ನು ತಾನೇ ಬೆಸುಗೆ ಹಾಕಿ ತೋಳು ಕೂಡಿಸಿ, ರಾಟೆ ಸರಪಳಿ ಜೋಡಿಸಿ ಅದನ್ನು ಕ್ರೇನು ಮಾಡಿದ್ದ. ಆ ತೋಳನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ್ದ. ಆಮೇಲೆ ಆ ಹೆದ್ದಾರಿಯಲ್ಲಿ ಲಾರಿ ಮಗುಚಲಿ, ಬಸ್ಸು ಕೆಟ್ಟು ನಿಲ್ಲಲಿ, ಜನ ಅವನಿಗೇ ಹೇಳಿಕಳಿಸುತ್ತಿದ್ದರು. ಅದಿರಿನ ಲಾರಿಗಳು ಸಾಲುಗಟ್ಟಿ ಓಡಾಡತೊಡಗಿದ ಮೇಲಂತೂ ಷೆಡ್ಡಿನಲ್ಲಿ ಕೂರಲು ಪುರಸತ್ತಿರಲಿಲ್ಲ.

ಆದರೆ ಎರಡು ವರ್ಷದಿಂದ ಅದರ ಡೀಸೆಲ್ ಪಂಪು ಗಾಳಿ ಹಿಡಿಯುತ್ತಿತ್ತು. ಆ ಮಾಡಲಿನ ಪಂಪು ಈಗ ಎಲ್ಲಿಯೂ ಸಿಗುತ್ತಿರಲಿಲ್ಲ. ಹೊಸಪೇಟೆಯಲ್ಲಿ ಎರಡು ಸಲ ಬಿಚ್ಚಿಸಿ ನೋಡಿದರೂ ಗುಣವಾಗಲಿಲ್ಲ. ಮನಸ್ಸು ಬಂದ ದಿನ ಒಂದೇ ಒತ್ತಿಗೆ ಶುರುವಾಗುವುದು. ಬಾರದ ದಿನ ಬ್ಯಾಟರಿ ಸತ್ತರೂ ಇಲ್ಲ. ಅದಕ್ಕೇ ಗೌಸ್ ಪೀರ್ ಅದನ್ನು ಯಾವಾಗಲೂ ಷೆಡ್ಡಿನ ಪಕ್ಕದ ಇಳಿಜಾರಿನಲ್ಲಿ ನಿಲ್ಲಿಸುತ್ತಿದ್ದ. ಬ್ರೇಕು ಬಿಟ್ಟರೆ ಅರ್ಧ ಫರ್ಲಾಂಗು ಉರುಳಿ, ಕೊನೆಗೆ ಹೊತ್ತಿಕೊಳ್ಳುತ್ತಿತ್ತು. ಆ ದಿನ ಬೆಳಿಗ್ಗೆ ರಸ್ತೆ ಅಗಲ ಮಾಡುವವರು ಇಳಿಜಾರಿನ ತುಂಬ ಎರಡು ಲೋಡು ಜಲ್ಲಿ ಸುರಿದು ಹೋಗಿದ್ದರು. ಗಾಡಿ ಬೇವಿನ ಮರದ ಕೆಳಗೆ ಸಮತಟ್ಟು ನೆಲದಲ್ಲಿ ನಿಂತಿತ್ತು.

ಹೋಟೆಲಿನವರು, ಪಂಕ್ಚರ್ ಅಂಗಡಿಯವರು ಸೇರಿ ಎಂಟು ಜನ ನೂಕಿದರು. ಅಷ್ಟು ಭಾರದ ಗಾಡಿ ನಾಲ್ಕು ಮಾರು ಹೋಗಿ ನಿಂತಿತು. ಗಂಗಪ್ಪ ಪೈಪು ಬಿಚ್ಚಿ ಕೈಯಿಂದ ಗಾಳಿ ತೆಗೆದ. ಮತ್ತೆ ನೂಕಿದರು. ಬೈಕಿನವನು ಒಮ್ಮೆ ಗಡಿಯಾರ ನೋಡಿ, ತನ್ನ ದಾರಿ ಹಿಡಿದು ಹೊರಟುಹೋದ. ಕೊನೆಗೆ ಸಂತೆಯಿಂದ ಬರುತ್ತಿದ್ದ ಟ್ರ್ಯಾಕ್ಟರೊಂದನ್ನು ಅಡ್ಡಗಟ್ಟಿ, ಸರಪಳಿ ಕಟ್ಟಿ ಎಳೆಸಿದಾಗ ಗಾಡಿ ಕಪ್ಪು ಹೊಗೆ ಕಾರಿ ಎದ್ದಿತು. ಎಳೆಯುವ ಗಾಡಿಯನ್ನೇ ಇನ್ನೊಂದು ಎಳೆಯುವುದನ್ನು ನೋಡಿ ಹೋಟೆಲಿನ ಮುಂದೆ ಯಾರೋ ನಕ್ಕರು. ಷೆಡ್ಡು ಬಿಡುವಾಗ ನಲವತ್ತು ನಿಮಿಷ ಕಳೆದಿತ್ತು.

ಸೇತುವೆಯ ಬಳಿ ಜನ ಸೇರಿದ್ದರು. ಡ್ರೈವರನಿಗೆ ಮೂವತ್ತು ವರ್ಷವಿದ್ದೀತು. ಹೆಸರು ಉಚ್ಚೆಂಗೆಪ್ಪ, ಉಚ್ಚಂಗಿದುರ್ಗದವನು ಎಂದು ಅಲ್ಲಿದ್ದವರು ಆಗಲೇ ಕೇಳಿ ತಿಳಿದುಕೊಂಡಿದ್ದರು. ಯಾರೋ ಒಂದು ಟವೆಲ್ಲನ್ನು ನೆನೆಸಿ ಅವನ ತಲೆಯ ಮೇಲೆ ಹಾಕಿದ್ದರು. ಮುಖದಲ್ಲಿ ಗಾಯವೇ ಇರಲಿಲ್ಲ. ಸೊಂಟದಿಂದ ಕೆಳಗೆ ಏನಾಗಿದೆ ಎಂಬುದು ತಗಡಿನ ಮಡಿಕೆಯಲ್ಲಿ ಕಾಣುತ್ತಿರಲಿಲ್ಲ. ಕ್ಯಾಬಿನ್ನಿನ ಮೆಟ್ಟಿಲಿನಿಂದ ರಕ್ತ ಮಾತ್ರ ತೊಟ್ಟಿಕ್ಕುತ್ತಿತ್ತು.

ಗೌಸ್ ಪೀರ್ ಮೇಲೆ ಹತ್ತಿ ಸರಪಳಿ ಸುತ್ತುವಾಗ ಅವನು ಕಣ್ಣು ತೆರೆದ.

"ಬಂದ್ಯಾ ಅಣ್ಣಾ," ಎಂದ. "ಬೈಕಿನಾಂವ ಹೋಗಿ ಭಾಳ ಹೊತ್ತಾತು. ದೂರ ಇತ್ತೇನು?"

"ಹೂಂ. ದೂರ ಇತ್ತಪ," ಎಂದ ಗೌಸ್ ಪೀರ್.

"ಬಂದ್ಯಲ್ಲ, ಸಾಕು."

ಅಲ್ಲಿಗೆ ಬಂದ ಮೇಲೆ ಗಾಡಿ ಎಳ್ಳಷ್ಟೂ ತಕರಾರು ಮಾಡಲಿಲ್ಲ. ತೋಳು ಅಲುಗಲಿಲ್ಲ, ಸರಪಳಿ ಜಾರಲಿಲ್ಲ. ಹತ್ತೇ ನಿಮಿಷದಲ್ಲಿ ಮುಂಭಾಗದ ತಗಡು ಎದ್ದು ಬಂತು. ನಾಲ್ಕು ಜನ ಉಚ್ಚೆಂಗೆಪ್ಪನನ್ನು ಎತ್ತಿ ಜೀಪಿನಲ್ಲಿ ಮಲಗಿಸಿದರು. ಜೀಪು ಕೂಡ್ಲಿಗಿ ಮುಟ್ಟುವ ಮೊದಲೇ ಅವನ ಜೀವ ಹೋಗಿತ್ತು.

ಹಿಂದೆಯೇ ಆಸ್ಪತ್ರೆಗೆ ಬಂದ ಗೌಸ್ ಪೀರನಿಗೆ ಡಾಕ್ಟರು ನಲ್ಲಿಯಲ್ಲಿ ಕೈ ತೊಳೆಯುತ್ತ ಹೇಳಿದರು: "ರಕ್ತ ಹೋಗಿಬಿಟ್ಟಿದೆ. ಇನ್ನರ್ಧ ಗಂಟೆ ಮೊದಲು ತಂದಿದ್ದರೆ ನೋಡಬಹುದಿತ್ತು." ಅವರು ಯಾರನ್ನೂ ದೂರಿ ಹೇಳಿದ ಮಾತಲ್ಲ ಅದು. ಅಲ್ಲಿದ್ದ ಪೊಲೀಸಿನವನೂ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದ.

ಸಂಜೆ ಹೆಂಡತಿ ಲಾಲ್ ಬೀ ಇಟ್ಟ ರೊಟ್ಟಿ ಹಾಗೇ ಉಳಿಯಿತು. ಊರೆಲ್ಲ ಮಾತಾಡಿದ್ದು ಅವಳ ಕಿವಿಗೂ ಬಿದ್ದಿತ್ತು.

"ಆ ಜಲ್ಲಿ ಸುರಿದಾಂವನ್ನ ಹಿಡದು ಒದೀಬೇಕು," ಎಂದ ಗೌಸ್ ಪೀರ್. "ಹೇಳಿಲ್ಲ, ಕೇಳಿಲ್ಲ."

"ಜಲ್ಲಿ ಇವತ್ತು ಬಂದೈತಿ," ಎಂದಳು ಲಾಲ್ ಬೀ. "ಪಂಪು ಯಾವತ್ತಿನಿಂದ ಕೆಟ್ಟೈತಿ?"

ಹೋದ ವರ್ಷವೇ ಅವಳು ಹೊಸ ಗಾಡಿ ತೆಗೆದುಕೊಳ್ಳಿ ಎಂದು ಹಟ ಹಿಡಿದಿದ್ದಳು. ಅವನು ಹೊಸಪೇಟೆಗೆ ಎರಡು ಸಲ ಹೋಗಿ ಹೊಸ ಕ್ರೇನನ್ನು ಸುತ್ತು ಹಾಕಿ ನೋಡಿ ಬಂದಿದ್ದ. ಒಂದು ಹಿಡಿಕೆ ಎಳೆದರೆ ತೋಳು ಏಳುತ್ತದೆ, ಇನ್ನೊಂದು ಎಳೆದರೆ ಇಳಿಯುತ್ತದೆ. ಅಂಗಡಿಯ ಹುಡುಗಿ ಕೂಡ ಅದನ್ನು ಎತ್ತಿ ಇಳಿಸಿ ತೋರಿಸಿದ್ದಳು. ಮನೆಗೆ ಬಂದು "ದುಬಾರಿ ಆಗ್ತೈತಿ" ಎಂದಿದ್ದ. ದುಬಾರಿ ಎಂಬುದು ಸುಳ್ಳಲ್ಲ. ಆದರೆ ಅವನನ್ನು ತಡೆದದ್ದು ಅದಲ್ಲ. ಮಿಲ್ಟ್ರಿ ಗಾಡಿಯ ಸರಪಳಿ ಹಿಡಿದು ನಿಂತಾಗ ಡ್ರೈವರುಗಳು, ಇನ್ಸ್‌ಪೆಕ್ಟರುಗಳು, ಲಾರಿ ಮಾಲೀಕರು ದೂರ ಸರಿದು ಅವನ ಕೈಯನ್ನೇ ನೋಡುತ್ತಿದ್ದರು. ಹಿಡಿಕೆ ಎಳೆಯುವವನ ಕೈಯನ್ನು ಯಾರು ನೋಡುತ್ತಾರೆ? ಇದನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಆ ರಾತ್ರಿ ತನಗೆ ತಾನು ಹೇಳಿಕೊಳ್ಳಲೂ ನಾಚಿಕೆಯಾಯಿತು.

ಹದಿನೈದು ದಿನದ ಮೇಲೆ ಒಬ್ಬ ಹೆಂಗಸು ಷೆಡ್ಡಿನ ಮುಂದೆ ಬಸ್ಸಿಳಿದಳು. ಜೊತೆಗೆ ವಯಸ್ಸಾದ ಭಾವನೊಬ್ಬನಿದ್ದ. ಅವಳದು ಬರಿಗೈ, ಬರಿ ಹಣೆ. ಅವಳು ತಾನು ದ್ಯಾಮಕ್ಕ, ಉಚ್ಚೆಂಗೆಪ್ಪನ ಹೆಂಡತಿ ಎಂದಳು. ಗಂಗಪ್ಪ ಸ್ಟೂಲು ತಂದಿಟ್ಟು, ಟೈರುಗಳ ಹಿಂದಕ್ಕೆ ಸರಿದು ನಿಂತ.

"ಪೊಲೀಸ್ ಸ್ಟೇಷನ್ನಿಗೆ ಬಂದಿದ್ವಿರಿ, ಕಾಗದಕ್ಕೆ," ಎಂದಳು ದ್ಯಾಮಕ್ಕ. "ನಿಮ್ಮನ್ನ ನೋಡಿ ಹೋಗಬೇಕು ಅನ್ನಿಸ್ತು. ಅಲ್ಲಿದ್ದೋರೆಲ್ಲ ಹೇಳಿದ್ರು, ಸಾಬ್ರು ಬರಲಿಲ್ಲ ಅಂದ್ರೆ ಲಾರಿ ಜೊತೆ ಕೊಯ್ದು ತೆಗೀಬೇಕಿತ್ತು ಅಂತ. ನೀವು ಬಂದಿದ್ದಕ್ಕೆ ಇಡೀ ದೇಹ ಮನೆಗೆ ಬಂತು. ಮಕ್ಕಳು ಅಪ್ಪನ್ನ ನೋಡಿದ್ವು."

ಗೌಸ್ ಪೀರ್ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡ.

"ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಒಬ್ಬೊಬ್ರು ಒಂದೊಂದು ಹೇಳ್ತಾರೆ. ಎಷ್ಟೊತ್ತು ಹಂಗೆ ಇದ್ರು ಅವ್ರು?"

ಹೊರಗೆ ಹೆದ್ದಾರಿಯ ಮೇಲೆ ಒಂದರ ಹಿಂದೊಂದು ಅದಿರಿನ ಲಾರಿಗಳು ಹೋಗುತ್ತಿದ್ದವು.

"ಹತ್ತು ನಿಮಿಷ," ಎಂದ ಗೌಸ್ ಪೀರ್. "ಹತ್ತು ನಿಮಿಷ ಅಷ್ಟ, ತಾಯಿ. ತ್ರಾಸೂ ಇರಲಿಲ್ಲ ಅವರಿಗೆ. ಮಾತಾಡ್ಕೋತ ಇದ್ರು."

ದ್ಯಾಮಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಎದ್ದು, ಗಾಡಿ ಯಾವುದು ಎಂದು ಕೇಳಿ, ಬೇವಿನ ಮರದ ಕೆಳಗೆ ಹೋಗಿ ಅದರ ಮಡ್‌ಗಾರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗೌಸ್ ಪೀರ್ ಮುಖ ತಿರುಗಿಸಿದ. ಅವರ ಬಸ್ಸು ಹೋದ ಮೇಲೆ ಗಂಗಪ್ಪ ಏನೋ ಹೇಳಲು ಬಾಯಿ ತೆರೆದ. "ಆ ಹತ್ತೊಂಬತ್ತರ ಪಾನಾ ಕೊಡು ಇಲ್ಲಿ," ಎಂದು ಗೌಸ್ ಪೀರ್ ಗದರಿದ. ಹತ್ತೊಂಬತ್ತರ ಸ್ಪ್ಯಾನರು ಗೌಸ್ ಪೀರನ ಕಾಲ ಬಳಿಯೇ ಬಿದ್ದಿತ್ತು.

ಅಂದೇ ಮನೆಗೆ ಹೋಗಿ, "ಗಾಡಿ ಕೊಟ್ಟುಬಿಡ್ತೀನಿ. ಹೊಸಾದು ತರ್ತೀನಿ," ಎಂದ. ಲಾಲ್ ಬೀ ತನ್ನ ಬಳೆಗಳನ್ನು ತೆಗೆದು ಮುಂದಿಟ್ಟಳು.

ಕೊಳ್ಳಲು ಇಬ್ಬರು ಮುಂದೆ ಬಂದರು. ಮೊದಲನೆಯವನು ಹೊಸಪೇಟೆಯ ಗುಜರಿಯವನು. ಗ್ಯಾಸಿನಿಂದ ಕತ್ತರಿಸಿ ತೂಕಕ್ಕೆ ಒಯ್ಯುತ್ತೇನೆಂದ. ಅವನು ಕೊಡುವುದರಲ್ಲಿ ಹೊಸ ಗಾಡಿಯ ಮುಂಗಡ ತುಂಬುತ್ತಿರಲಿಲ್ಲ. ಎರಡನೆಯವನು ಹಗರಿಬೊಮ್ಮನಹಳ್ಳಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದ ಕೊಟ್ರಸ್ವಾಮಿ. ಅವನ ಊರಿನ ರಸ್ತೆಗೂ ಈಗ ಲಾರಿಗಳು ತಿರುಗಿದ್ದವು. ಗಾಡಿಯನ್ನು ಕ್ರೇನಾಗಿಯೇ ಓಡಿಸುವ ಆಸೆ ಅವನಿಗೆ. ಗುಜರಿಯವನಿಗಿಂತ ಎರಡು ಪಟ್ಟು ಹೆಚ್ಚಿಗೆ ಹೇಳಿ ಕಳಿಸಿದ್ದ.

"ಅವಂಗ ಕೊಡ್ರಿ. ಆದ್ರ ಇದ್ದದ್ದು ಇದ್ದಂಗ ಹೇಳಿ ಕೊಡ್ರಿ," ಎಂದಳು ಲಾಲ್ ಬೀ. "ಪಂಪಿನ ಮಾತು ಮುಚ್ಚಿಡಬ್ಯಾಡ್ರಿ."

"ಹೇಳದ ಬಿಡ್ತೀನೇನು?" ಎಂದ ಗೌಸ್ ಪೀರ್. ಅವನು ಹೇಳುವವನೇ ಇದ್ದ. ಹೇಗೆ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಷೆಡ್ಡಿಗೆ ಹೋದ.

ಕೊಟ್ರಸ್ವಾಮಿ ನಗುಮುಖದ ಮನುಷ್ಯ. ಬಂದವನೇ ಗಾಡಿಯ ತೋಳನ್ನು ಅಂಗೈಯಿಂದ ತಟ್ಟಿ, "ಇದನ್ನ ಕೈಲೇ ಮಾಡೀರಂತ? ಏನು ಕೆಲಸ ರೀ ಇದು! ಕಂಪನಿಯವರ ತಲೀ ಮ್ಯಾಲೆ ಹೊಡದಂಗ ಐತಿ," ಎಂದ. ಬೆಸುಗೆಯ ಒಂದೊಂದು ಗೆರೆಯನ್ನೂ ಬೆರಳಿನಿಂದ ಸವರಿ ನೋಡಿದ. ಆ ಜಾಯಿಂಟನ್ನು ಹಾಗೆ ಯಾಕೆ ತಿರುಗಿಸಿದಿರಿ, ಈ ರಾಟೆ ಎಲ್ಲಿಂದ ತಂದಿರಿ ಎಂದು ಕೇಳಿದ. ಗೌಸ್ ಪೀರ್ ಹೇಳುತ್ತ ಹೋದ. ತೋಳನ್ನು ಮೂರು ಸಲ ಬಿಚ್ಚಿ ಕಟ್ಟಿದ್ದು, ಕೊಟ್ಟೂರು ರಸ್ತೆಯ ಹಳ್ಳದಿಂದ ಬಸ್ಸೊಂದನ್ನು ಎತ್ತಿದ್ದು ಎಲ್ಲವನ್ನೂ ಹೇಳಿದ. ಬಹಳ ದಿನದಿಂದ ಯಾರೂ ಇದನ್ನೆಲ್ಲ ಅವನಿಂದ ಕೇಳಿರಲಿಲ್ಲ.

"ಚಾಲೂ ಮಾಡ್ರಿ ನೋಡೋಣು," ಎಂದ ಕೊಟ್ರಸ್ವಾಮಿ.

ಗಂಗಪ್ಪ ಹತ್ತಿ ಕೂತು ಸ್ಟಾರ್ಟರ್ ಒತ್ತಿದ. ಒಂದೇ ಒತ್ತಿಗೆ ಇಂಜಿನು ಹೊತ್ತಿಕೊಂಡು ಗುಡುಗಿತು. ಗಂಗಪ್ಪ ಗೌಸ್ ಪೀರನ ಮುಖ ನೋಡಿದ.

"ತಕರಾರು ಏನಾರ ಐತೇನ್ರೀ?" ಎಂದು ಕೊಟ್ರಸ್ವಾಮಿ ಸದ್ದಿನ ಮೇಲೆ ಕೂಗಿ ಕೇಳಿದ.

ಗೌಸ್ ಪೀರನ ಬಾಯಲ್ಲಿ ಮಾತು ಬಂದಿತ್ತು. ಆದರೆ ಈ ಸದ್ದಿನಲ್ಲಿ ಅದನ್ನು ಕೂಗಿ ಹೇಳಬೇಕಾಗುತ್ತದೆ ಅನ್ನಿಸಿತು. ಗಾಡಿ ಆರಿಸಿದ ಮೇಲೆ ಹೇಳಿದರಾಯಿತು ಅಂದುಕೊಂಡ.

"ವಯಸ್ಸಾಗೈತಿ," ಎಂದ. "ನೋಡ್ಕೊಂಡ್ರ ನಡೀತೈತಿ."

"ಅದು ನಮಗೂ ಹಂಗ ಅಲ್ಲೇನ್ರೀ!" ಎಂದು ಕೊಟ್ರಸ್ವಾಮಿ ಜೋರಾಗಿ ನಕ್ಕ. ಗಾಡಿಯನ್ನು ಆರಿಸಲೇ ಇಲ್ಲ. ಕಾಗದಗಳಿಗೆ ಬಾನೆಟ್ಟಿನ ಮೇಲೇ ಸಹಿಯಾಯಿತು. ಇಂಜಿನಿನ ನಡುಕಕ್ಕೆ ಗೌಸ್ ಪೀರನ ಸಹಿ ಸೊಟ್ಟಗೆ ಬಿತ್ತು. ಕೊಟ್ರಸ್ವಾಮಿ ಅವನ ಎರಡೂ ಕೈ ಹಿಡಿದು ಅದುಮಿ, ಹತ್ತಿ ಕೂತು ಗೇರು ಹಾಕಿದ.

ಗಾಡಿ ರಸ್ತೆಗೆ ಏರಿದ ಮೇಲೆ ಗಂಗಪ್ಪ, "ಹೇಳಬೇಕಿತ್ತು ಸಾಬ್ರ," ಎಂದ.

"ನೀನ ಹೇಳಬೇಕಿತ್ತಲ್ಲ. ಬಾಯಿ ಇರಲಿಲ್ಲೇನು?"

"ಗಾಡಿ ನಿಮ್ದು," ಎಂದ ಗಂಗಪ್ಪ. "ಆ ಹೆಣ್ಮಗಳ ಮುಂದೂ ನಾ ಸುಮ್ನ ನಿಂತೆ. ನಿಮ್ಮ ಸಲುವಾಗಿ ಎಷ್ಟಂತ ಸುಮ್ನ ನಿಲ್ಲಲಿ?" ಎಂದು ಹೆಗಲ ಮೇಲಿನ ಟವೆಲ್ಲು ತೆಗೆದು ಕೈ ಒರೆಸಿಕೊಳ್ಳತೊಡಗಿದ. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡ.

ಕೊಟ್ಟೂರು ರಸ್ತೆ ಕವಲೊಡೆಯುವಲ್ಲಿ ಪೆಟ್ರೋಲ್ ಬಂಕೊಂದಿತ್ತು. ಷೆಡ್ಡಿನಿಂದ ಕಾಣುತ್ತಿತ್ತು. ಗಾಡಿ ಅದರೊಳಗೆ ತಿರುಗಿ ನಿಂತಿತು. ಕೊಟ್ರಸ್ವಾಮಿ ಇಂಜಿನು ಆರಿಸಿ ಇಳಿದ. ಆ ಸದ್ದು ನಿಂತದ್ದು ಇಷ್ಟು ದೂರಕ್ಕೂ ತಿಳಿಯಿತು. ಬಂಕಿನ ನೆಲ ಅಂಗೈಯಂತೆ ಸಮತಟ್ಟು. ಬಿಸಿಲಿನಲ್ಲಿ ಅವನು ಬಂಕಿನವನೊಂದಿಗೆ ಏನೋ ಮಾತಾಡುತ್ತ, ತೋಳನ್ನು ತೋರಿಸುತ್ತ, ನಗುತ್ತ ನಿಂತಿದ್ದ.

ಗೌಸ್ ಪೀರ್ ರಸ್ತೆಯ ಅಂಚಿಗೆ ಬಂದ. ಹದಿನೆಂಟು ವರ್ಷದಲ್ಲಿ ಮೊದಲ ಸಲ, ಆ ಗಾಡಿ ಶುರುವಾಗದಿರಲಿ ಎಂದು ಬೇಡಿಕೊಂಡ. ಶುರುವಾಗದಿದ್ದರೆ ಕೊಟ್ರಸ್ವಾಮಿ ಇತ್ತ ಕಡೆ ನೋಡುತ್ತಾನೆ, ಕೈ ಮಾಡಿ ಕರೆಯುತ್ತಾನೆ. ತಾನು ಓಡಿ ಹೋಗುತ್ತೇನೆ. ಆಗ ಹೇಳಬಹುದು. ಓಡಲು ಸಿದ್ಧನಾದವನಂತೆ ಅವನು ಚಪ್ಪಲಿಯನ್ನು ಕಾಲಿಗೆ ಸರಿಮಾಡಿಕೊಂಡ.

ಕೊಟ್ರಸ್ವಾಮಿ ಹತ್ತಿ ಕೂತ. ಒಂದೇ ಒತ್ತಿಗೆ ಕಪ್ಪು ಹೊಗೆ ಎದ್ದಿತು. ಗಾಡಿ ಬಂಕಿನಿಂದ ಹೊರಬಿದ್ದು ಕೊಟ್ಟೂರು ರಸ್ತೆಗೆ ಹೊರಳುವಾಗ ಕಿಟಕಿಯಿಂದ ಒಂದು ಕೈ ಹೊರಗೆ ಬಂದು ಅವನ ಕಡೆ ಬೀಸಿತು. ಗೌಸ್ ಪೀರ್ ತಾನೂ ಕೈ ಎತ್ತಿದ. ಗಾಡಿ ಜಾಲಿಮರಗಳ ಆಚೆಗೆ ಮರೆಯಾದ ಮೇಲೂ ಎತ್ತಿದ ಕೈಯನ್ನು ಇಳಿಸಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.